ಅಪ್ಪ ಪಾಪರ್ ಆದರೆ ಮಗುವಿನ ಜೀವನಾಂಶದ ಬಾಕಿ ಏನಾಗುತ್ತದೆ?

ಪೀಣ್ಯದಲ್ಲಿ ಸಣ್ಣದೊಂದು ಕಾರ್ಖಾನೆ ಇಟ್ಟುಕೊಂಡಿರುವ ಒಬ್ಬ ಮನುಷ್ಯ ಇದ್ದಾನೆ ಅಂದುಕೊಳ್ಳಿ. ಕಂಪನಿ ಹೆಸರಿನಲ್ಲಿ ಬ್ಯಾಂಕ್ ಸಾಲ, ಆ ಸಾಲಕ್ಕೆ ಅವನದೇ ಸ್ವಂತ ಜಾಮೀನು. ಹೆಂಡತಿಯಿಂದ ಬೇರೆಯಾಗಿ ನಾಲ್ಕು ವರ್ಷ. ಮಗಳು ತಾಯಿಯ ಜೊತೆ ತುಮಕೂರಿನಲ್ಲಿ ಓದುತ್ತಿದ್ದಾಳೆ. ಮಗಳ ಖರ್ಚಿಗೆ ತಿಂಗಳಿಗೆ 15 ಸಾವಿರ ಕೊಡು ಅಂತ ಫ್ಯಾಮಿಲಿ ಕೋರ್ಟ್ ಹೇಳಿದೆ. ಮೊದಲ ವರ್ಷ ಕೊಟ್ಟ. ಆಮೇಲೆ ಕಾರ್ಖಾನೆಗೆ ಕೆಲಸ ಕಡಿಮೆಯಾಯಿತು, ಬ್ಯಾಂಕಿನ ಕಂತು ತಪ್ಪಿತು, ಅದರ ಹಿಂದೆಯೇ ಜೀವನಾಂಶವೂ ನಿಂತಿತು. ಈಗ 20 ತಿಂಗಳ ಬಾಕಿ ಇದೆ, ಅಂದರೆ 3 ಲಕ್ಷ. ಬ್ಯಾಂಕಿಗೆ ಕೊಡಬೇಕಾದದ್ದು 1 ಕೋಟಿ 80 ಲಕ್ಷ. ಒಂದು ದಿನ ಅವನ ವಕೀಲರು ಬಂದು ಹೇಳುತ್ತಾರೆ: "ನಮ್ಮ ಕಕ್ಷಿದಾರರು ದಿವಾಳಿ ಅರ್ಜಿ ಹಾಕಿದ್ದಾರೆ. ಇನ್ನು ಯಾರೂ ಏನೂ ಕೇಳುವ ಹಾಗಿಲ್ಲ."

ಆ ತಾಯಿಯ ಎದೆ ಧಸಕ್ ಅನ್ನದೆ ಇರುತ್ತದಾ? ನಮ್ಮ ಕಡೆ 'ಪಾಪರ್ ಚೀಟಿ ತಗೊಂಡ' ಅಂದರೆ ಮುಗಿಯಿತು, ಸಾಲ ಕೊಟ್ಟವರು ಬಾಯಿಗೆ ಮಣ್ಣು ಹಾಕಿಕೊಂಡರು ಅಂತಲೇ ಲೆಕ್ಕ. ಕಿರಾಣಿ ಅಂಗಡಿಯವರು, ಚೀಟಿ ದುಡ್ಡು ಹಾಕಿದವರು, ಕೈಸಾಲ ಕೊಟ್ಟ ನೆಂಟರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಕೈ ಕೈ ಹಿಸುಕಿಕೊಳ್ಳುತ್ತಾರೆ. ಮಗುವಿನ ದುಡ್ಡೂ ಆ ಸಾಲಿಗೇ ಸೇರುತ್ತದಾ?

ಸೇರುವುದಿಲ್ಲ. ವಕೀಲರ ಮಾತು ಜೀವನಾಂಶದ ಮಟ್ಟಿಗೆ ತಪ್ಪು. ಆದರೆ ಯಾಕೆ ತಪ್ಪು, ಎಷ್ಟು ತಪ್ಪು ಅಂತ ನೋಡಲು ಹೊರಟರೆ ಕಥೆ ಅಷ್ಟು ಸಲೀಸಾಗಿಲ್ಲ. ಬಾಕಿ ಮನ್ನಾ ಆಗದಂತೆ ಕಾನೂನು ಕಾದಿದೆ. ಅದು ತಾಯಿಯ ಕೈಗೆ ಬರುವ ದಾರಿಯನ್ನು ಮಾತ್ರ ಅರ್ಧಕ್ಕೇ ಬಿಟ್ಟಿದೆ.

2016ರ ದಿವಾಳಿ ಸಂಹಿತೆಯಿಂದ ಶುರು ಮಾಡೋಣ. ಕಂಪನಿಗಳ ಸುದ್ದಿಯಲ್ಲಿ ಐಬಿಸಿ ಅಂತ ದಿನಾ ಕೇಳುತ್ತೀರಲ್ಲ, ಅದೇ. ಅದರ ಮೂರನೇ ಭಾಗ ವ್ಯಕ್ತಿಗಳ ದಿವಾಳಿಗೆ ಸಂಬಂಧಿಸಿದ್ದು. ಅಲ್ಲಿ 79ನೇ ಕಲಮಿನ 15ನೇ ಉಪಕಲಮು ಕೆಲವು ಬಾಕಿಗಳನ್ನು ಹೆಸರು ಹಿಡಿದು ಹೊರಗಿಡುತ್ತದೆ. ಕೋರ್ಟ್ ಹಾಕಿದ ದಂಡ, ನಿರ್ಲಕ್ಷ್ಯದಂಥ ತಪ್ಪಿಗೆ ಕೊಡಬೇಕಾದ ಪರಿಹಾರ, ಓದಿಗೆ ಮಾಡಿದ ಸಾಲ, ಮತ್ತು ಯಾವುದೇ ಕಾನೂನಿನ ಕೆಳಗೆ ಯಾರಿಗೇ ಕೊಡಬೇಕಾದ ಜೀವನಾಂಶ. ಇವನ್ನು 'ಹೊರಗಿಟ್ಟ ಸಾಲ' ಅನ್ನೋಣ. ಸಾಲಗಾರ ತಾನೇ ಅರ್ಜಿ ಹಾಕುವಾಗ ಇವನ್ನು ಅರ್ಜಿಯೊಳಗೆ ಸೇರಿಸುವಂತಿಲ್ಲ ಅಂತ 94ನೇ ಕಲಮು ಹೇಳುತ್ತದೆ. ಎಲ್ಲಾ ಮುಗಿದು ಋಣಮುಕ್ತಿಯ ಆದೇಶ ಕೈಗೆ ಸಿಕ್ಕಿದರೂ ಹೊರಗಿಟ್ಟ ಸಾಲದಿಂದ ಬಿಡುಗಡೆ ಇಲ್ಲ ಅಂತ 139ನೇ ಕಲಮು ಹೇಳುತ್ತದೆ.

ಇದನ್ನು ನಮ್ಮ ಪೀಣ್ಯದ ಲೆಕ್ಕಕ್ಕೆ ಇಳಿಸಿ ನೋಡಿ. ವ್ಯಕ್ತಿಗಳ ದಿವಾಳಿಯಲ್ಲಿ ಸಾಮಾನ್ಯವಾಗಿ ಒಂದು ಮರುಪಾವತಿ ಯೋಜನೆ ಮಾಡುತ್ತಾರೆ. ಸಾಲ ಕೊಟ್ಟವರ ಸಭೆ ಸೇರುತ್ತದೆ. ಮತ ಹಾಕುವವರ ಸಾಲದ ಮೊತ್ತದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಒಪ್ಪಿಗೆ ಬಂದರೆ ಯೋಜನೆ ಗೆಲ್ಲುತ್ತದೆ. ರೂಪಾಯಿಗೆ 20 ಪೈಸೆ ಸಾಕು ಅಂತ ಬ್ಯಾಂಕ್ ಒಪ್ಪಿತು ಅಂದುಕೊಳ್ಳಿ. ಅದರ 1 ಕೋಟಿ 80 ಲಕ್ಷ 36 ಲಕ್ಷಕ್ಕೆ ಇಳಿಯುತ್ತದೆ. ಅದೇ ಲೆಕ್ಕ ಮಗಳಿಗೂ ಹಾಕಿದ್ದರೆ 3 ಲಕ್ಷ ಹೋಗಿ 60 ಸಾವಿರ ಆಗುತ್ತಿತ್ತು. ಬ್ಯಾಂಕಿನ ಮತದಿಂದ ಮಗಳ ಅನ್ನ ಕಡಿಮೆಯಾಗುತ್ತಿತ್ತು! ಅದು ಆಗದಿರಲಿ ಅಂತಲೇ ಜೀವನಾಂಶವನ್ನು ಹೊರಗಿಟ್ಟಿರುವುದು. 3 ಲಕ್ಷ 3 ಲಕ್ಷವಾಗಿಯೇ ಉಳಿಯುತ್ತದೆ.

ಇಲ್ಲೊಂದು ತೊಡಕಿದೆ. ಈ ಮೂರನೇ ಭಾಗ ಎಲ್ಲರಿಗೂ ಇನ್ನೂ ಜಾರಿಯಾಗಿಲ್ಲ. 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದವರಿಗೆ ಮಾತ್ರ ಅದು ಅನ್ವಯ. ನಮ್ಮ ಕಾರ್ಖಾನೆಯವನು ಅದರೊಳಗೆ ಬಂದ. ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್, ಕೈಸಾಲ ಅಂತ ಮುಳುಗಿದ ಸಂಬಳದವನು ಬರುವುದಿಲ್ಲ. ಬಡವರಿಗೆ 'ಹೊಸ ಆರಂಭ' ಅಂತ ಇದೇ ಸಂಹಿತೆಯಲ್ಲಿ ಒಂದು ಅಧ್ಯಾಯ ಇದೆ. ವರ್ಷಕ್ಕೆ 60 ಸಾವಿರದೊಳಗೆ ಆದಾಯ, 20 ಸಾವಿರದೊಳಗೆ ಆಸ್ತಿ, 35 ಸಾವಿರದೊಳಗೆ ಸಾಲ ಇದ್ದವರಿಗೆ. ಅದು ಪುಸ್ತಕದಲ್ಲೇ ಕೂತಿದೆ.

ಹಾಗಾದರೆ ಉಳಿದವರಿಗೆ? 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಹೌದು, ಬ್ರಿಟಿಷರ ಕಾಲದ್ದೇ. ಮದರಾಸು, ಮುಂಬಯಿ, ಕಲ್ಕತ್ತಾ ನಗರಗಳಿಗೆ 1909ರದ್ದೊಂದು ಬೇರೆ ಕಾಯ್ದೆ ಇದೆ, ಕರ್ನಾಟಕಕ್ಕೆ ಈ 1920ರದ್ದು. ಬರೆದಾಗ ಅದರಲ್ಲಿ ಅರ್ಜಿ ಹಾಕಲು 500 ರೂಪಾಯಿ ಸಾಲ ಇದ್ದರೆ ಸಾಕು ಅಂತ ಇಟ್ಟಿದ್ದರು. ಈಗ ಆ ದುಡ್ಡಿಗೆ ಇಬ್ಬರು ಹೋಟೆಲಿನಲ್ಲಿ ಊಟ ಮಾಡಿ ಏಳಬಹುದು, ಅಷ್ಟೇ.

ಈ ಹಳೇ ಕಾಯ್ದೆಯ 44ನೇ ಕಲಮನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಋಣಮುಕ್ತಿ ಸಿಕ್ಕರೂ ತಪ್ಪದ ಬಾಕಿಗಳು ಯಾವುವು ಅಂತ ಅಲ್ಲಿ ಹೇಳಿದೆ. ಸರ್ಕಾರಕ್ಕೆ ಕೊಡಬೇಕಾದದ್ದು, ಮೋಸದಿಂದ ಮಾಡಿದ ಸಾಲ, ಮತ್ತು 1898ರ ದಂಡ ಪ್ರಕ್ರಿಯೆ ಸಂಹಿತೆಯ 488ನೇ ಕಲಮಿನ ಕೆಳಗೆ ಆದ ಜೀವನಾಂಶದ ಆದೇಶ. ಆ 488 ಆಮೇಲೆ 1973ರ ಸಂಹಿತೆಯಲ್ಲಿ 125 ಆಯಿತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಹಳೇ ಕಲಮಿನ ಹೆಸರು ಬಂದ ಕಡೆ ಹೊಸದನ್ನು ಓದಿಕೊಳ್ಳಬೇಕು ಅನ್ನುವುದು ಕಾನೂನಿನ ಸಾಮಾನ್ಯ ನಿಯಮ. ಅಲ್ಲಿಯವರೆಗೆ ಸರಿ.

ಆದರೆ ಜೀವನಾಂಶ ಆ ಒಂದೇ ಕಲಮಿನಿಂದ ಬರುವುದಿಲ್ಲವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಮಕ್ಕಳಿಗೆ ಕೊಡಿಸಬಹುದು. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಕೊಡಿಸಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 20ನೇ ಕಲಮಿನಲ್ಲೂ ಕೊಡಿಸಬಹುದು. 1920ರಲ್ಲಿ ಇವು ಯಾವುವೂ ಹುಟ್ಟಿರಲಿಲ್ಲ. 44ನೇ ಕಲಮಿನ ಅಕ್ಷರ ಹಿಡಿದು ವಾದಿಸುವ ಚುರುಕು ವಕೀಲನಿಗೆ ಇಲ್ಲಿ ಒಂದು ಸಂದಿ ಇದೆ. 2016ರ ದಿವಾಳಿ ಸಂಹಿತೆ 'ಯಾವುದೇ ಕಾನೂನಿನ ಕೆಳಗೆ' ಅಂತ ಬರೆದು ಆ ಸಂದಿ ಮುಚ್ಚಿದೆ. ಆದರೆ ಅದು ಜಾಮೀನುದಾರರಿಗೆ ಮಾತ್ರ! ಅಂದರೆ ಕೋಟಿಗಟ್ಟಲೆ ಸಾಲಕ್ಕೆ ಜಾಮೀನು ಹಾಕಿದವನ ಮಗುವಿಗೆ ಗಟ್ಟಿ ಬೇಲಿ, ಆಟೋ ಸಾಲ ಕಟ್ಟಲಾಗದೆ ಕೂತವನ ಮಗುವಿಗೆ ನೂರು ವರ್ಷದ ಹಳೇ ಬೇಲಿ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಬೇಗ ಸರಿಯಾಗಬೇಕಾದದ್ದು ಇದು. ಇದರ ಬಗ್ಗೆ ಮಾತೇ ಇಲ್ಲ.

ಈಗ ಆ ವಕೀಲರ ಮಾತಿಗೆ ವಾಪಸ್ ಬರೋಣ. 'ಯಾರೂ ಏನೂ ಕೇಳುವ ಹಾಗಿಲ್ಲ' ಅನ್ನುವುದು ಸುಮ್ನೆ ಹುಟ್ಟಿದ ಮಾತಲ್ಲ. ದಿವಾಳಿ ಸಂಹಿತೆಯ 96ನೇ ಕಲಮಿನ ಪ್ರಕಾರ, ಅರ್ಜಿ ಹಾಕಿದ ದಿನದಿಂದಲೇ ಮಧ್ಯಂತರ ತಡೆ ಶುರುವಾಗುತ್ತದೆ. ನ್ಯಾಯಾಧೀಶರು ಅರ್ಜಿ ಬಿಚ್ಚಿ ನೋಡುವ ಮೊದಲೇ. ಯಾವುದೇ ಸಾಲದ ಬಗ್ಗೆ ನಡೆಯುತ್ತಿರುವ ಕೇಸು ನಿಂತ ಹಾಗೆ ಲೆಕ್ಕ. ಕಲಮಿನಲ್ಲಿ ಬಳಸಿದ ಮಾತು 'ಎಲ್ಲಾ ಸಾಲಗಳು'. ಅರ್ಜಿ ಒಪ್ಪಿಕೊಂಡ ಮೇಲೆ 101ನೇ ಕಲಮಿನಲ್ಲಿ ಇನ್ನೊಂದು ತಡೆ, 180 ದಿನದವರೆಗೆ. ಎಷ್ಟೋ ಜನಕ್ಕೆ ದಿವಾಳಿ ಅರ್ಜಿಯ ನಿಜವಾದ ಆಕರ್ಷಣೆಯೇ ಈ ತಡೆ. ಸಾಲ ತೀರಿಸುವ ಆಸೆಯಿಂದ ಹೋಗುವವರಿಗಿಂತ ಬಾಗಿಲು ಬಡಿಯುವವರನ್ನು ನಿಲ್ಲಿಸಲು ಹೋಗುವವರೇ ಜಾಸ್ತಿ ಅನ್ನಿಸುತ್ತದೆ.

'ಎಲ್ಲಾ ಸಾಲ' ಅಂದರೆ ಹೊರಗಿಟ್ಟ ಸಾಲವೂ ಸೇರಿತಾ? 2025ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಅದು ಜೀವನಾಂಶದ ಕೇಸಲ್ಲ. ಮನೆ ಕಟ್ಟಿಕೊಡದ ಬಿಲ್ಡರ್ ಮೇಲೆ ರಾಷ್ಟ್ರೀಯ ಗ್ರಾಹಕ ಆಯೋಗ ದಂಡ ಹಾಕಿತ್ತು. ನನ್ನ ಮೇಲೆ ದಿವಾಳಿ ಅರ್ಜಿ ಇದೆ, 96ನೇ ಕಲಮಿನ ತಡೆ ಇದೆ, ದಂಡ ವಸೂಲಿ ನಿಲ್ಲಿಸಿ ಅಂತ ಆ ಕಡೆಯ ವಾದ. ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ಪ್ರಸನ್ನ ವರಾಳೆ ಅವರ ಪೀಠ ಒಪ್ಪಲಿಲ್ಲ. ಆ ದಂಡ ಹೊರಗಿಟ್ಟ ಸಾಲ, ಅದಕ್ಕೆ ಈ ತಡೆಯ ರಕ್ಷಣೆ ಸಿಗುವುದಿಲ್ಲ ಅಂತ ಹೇಳಿತು. ಜೀವನಾಂಶ ಅದೇ ಪಟ್ಟಿಯಲ್ಲಿ, ಅದೇ ಉಪಕಲಮಿನಲ್ಲಿ ಇರುವುದರಿಂದ ಈ ತರ್ಕ ಅದಕ್ಕೂ ಸಲ್ಲಬೇಕು. ತುಮಕೂರಿನ ತಾಯಿಯ ಅಮಲ್ಜಾರಿ ಅರ್ಜಿ ನಿಲ್ಲಬೇಕಾಗಿಲ್ಲ. ವಾಯಿದೆ ಮೇಲೆ ವಾಯಿದೆ ಕೇಳಲು ಇದನ್ನೇ ನೆಪ ಮಾಡಿಕೊಂಡರೆ, ಈ ತೀರ್ಪಿನ ಪ್ರತಿ ಕೈಯಲ್ಲಿ ಇರಲಿ.

ಸರಿ, ಸಾಲ ಉಳಿಯಿತು, ಕೇಸೂ ನಿಲ್ಲಲಿಲ್ಲ. ದುಡ್ಡು ಎಲ್ಲಿಂದ ಬರಬೇಕು?

'ಹೊರಗಿಡುವುದು' ಎರಡು ಕಡೆ ಕೊಯ್ಯುತ್ತದೆ. ಮನೆಯಲ್ಲಿ ಪಾಲು ಹಂಚುವಾಗ ಒಬ್ಬರನ್ನು ಹಜಾರದಿಂದ ಆಚೆ ಕೂರಿಸಿ, "ನಿನ್ನ ಪಾಲಿಗೆ ಯಾರೂ ಕೈ ಹಚ್ಚಲ್ಲ, ಚಿಂತೆ ಮಾಡಬೇಡ" ಅಂದ ಹಾಗೆ. ಕೈ ಹಚ್ಚುವುದಿಲ್ಲ, ನಿಜ. ಆದರೆ ಒಳಗೆ ಹಂಚಿಕೆ ನಡೆಯುತ್ತಿದೆ. ಆಚೆ ಕೂತವರಿಗೆ ಏನು ಉಳಿಯುತ್ತದೆ? ವ್ಯಕ್ತಿಯನ್ನು ದಿವಾಳಿ ಅಂತ ಘೋಷಿಸಿ ಆಸ್ತಿ ಮಾರಿದರೆ ಯಾರಿಗೆ ಮೊದಲು, ಯಾರಿಗೆ ಆಮೇಲೆ ಅಂತ 178ನೇ ಕಲಮು ಹೇಳುತ್ತದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ ಬಾಕಿ ಮತ್ತು ಅಡಮಾನ ಇಟ್ಟುಕೊಂಡವರು. ಆಮೇಲೆ ನೌಕರರ ಸಂಬಳ, ಆಮೇಲೆ ಸರ್ಕಾರ, ಕೊನೆಗೆ ಮಿಕ್ಕವರೆಲ್ಲ. ಈ ಏಣಿಯಲ್ಲಿ ಜೀವನಾಂಶ ಅನ್ನುವ ಪದವೇ ಇಲ್ಲ. ಮರುಪಾವತಿ ಯೋಜನೆಯಾದರೆ ಇನ್ನೂ ವಿಚಿತ್ರ. ಮುಂದಿನ ಕೆಲವು ವರ್ಷ ಅಪ್ಪನ ದುಡಿಮೆಯಲ್ಲಿ ಇಷ್ಟು ಬ್ಯಾಂಕಿಗೆ ಅಂತ ಯೋಜನೆ ಬರೆದಿಟ್ಟರೆ, ಮಗಳ ತಿಂಗಳ 15 ಸಾವಿರ ಅದರಲ್ಲಿ ಎಲ್ಲಿ ಬಂತು ಅಂತ ಕೇಳುವವರು ಯಾರು?

ಕೇಳಲು ಒಂದು ಹಿಡಿ ಮಾತ್ರ ಇದೆ. 'ಹತ್ತಿರದ ಕುಟುಂಬ' ಅಂದರೆ ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಅವಲಂಬಿತ ತಂದೆತಾಯಿ ಅಂತ ಸಂಹಿತೆಯೇ ಹೇಳುತ್ತದೆ. ಮಕ್ಕಳು ಅದೇ ಸೂರಿನ ಕೆಳಗೆ ಇರಬೇಕು ಅಂತ ಎಲ್ಲೂ ಇಲ್ಲ. ಹಾಗಾಗಿ ಸಾಲಗಾರನ ಮನೆ ಖರ್ಚಿನ ಲೆಕ್ಕ ಹಾಕುವಾಗ, ತುಮಕೂರಿನ ಮಗಳ ಜೀವನಾಂಶವೂ ಅಕ್ಕಿ, ಕರೆಂಟ್ ಬಿಲ್ಲಿನ ಜೊತೆಗೇ ಬರಬೇಕು ಅಂತ ವಾದಿಸಬಹುದು.

ಬೇರೆ ದೇಶಗಳು ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಕೊಟ್ಟಿವೆ. ಐರ್ಲೆಂಡಿನ 2012ರ ವೈಯಕ್ತಿಕ ದಿವಾಳಿ ಕಾಯ್ದೆ ನಮ್ಮ ಹಾಗೆಯೇ ಕುಟುಂಬ ಪೋಷಣೆಯ ಆದೇಶಗಳನ್ನು ಹೊರಗಿಡುತ್ತದೆ. ಇಂಗ್ಲೆಂಡಿನಲ್ಲಿ ಐವಿಎ ಅಂತ ಸಾಲ ಕೊಟ್ಟವರ ಜೊತೆ ಮಾಡಿಕೊಳ್ಳುವ ಒಂದು ಒಪ್ಪಂದವಿದೆ. ಮಕ್ಕಳ ಪೋಷಣೆಯ ಬಾಕಿಯನ್ನು ಅದರೊಳಗೆ ಎಳೆದು ತರಬಹುದಾ ಅಂತ ಬೀಸ್ಲಿ ಪ್ರಕರಣದಲ್ಲಿ ಪ್ರಶ್ನೆ ಬಂದಾಗ, ಅಲ್ಲಿನ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಆಗುವುದಿಲ್ಲ ಅಂದಿತು. ಆದರೆ ಅಲ್ಲಿ ಬಾಕಿ ವಸೂಲಿಗೆ ಸರ್ಕಾರದ್ದೇ ಒಂದು ಸಂಸ್ಥೆ ಇದೆ. ಆಚೆ ಕೂತಿದ್ದರೂ ಆಚೆ ಕೂತಿರುವುದು ಸರ್ಕಾರ. ನಮ್ಮಲ್ಲಿ ಕೂತಿರುವುದು ರಜೆ ಹಾಕಿ ಬಸ್ಸು ಹತ್ತಿ ಕೋರ್ಟಿಗೆ ಬರುವ ತಾಯಿ. ವ್ಯತ್ಯಾಸ ಗೊತ್ತಾಯಿತಲ್ವಾ?

ಅಮೆರಿಕದ್ದು ಎರಡನೇ ಬಗೆ. ಅಲ್ಲಿ ಮಗುವನ್ನು ಒಳಗೆ ಕರೆದು ಮೊದಲ ಎಲೆ ಹಾಕುತ್ತಾರೆ. 2005ರ ತಿದ್ದುಪಡಿಯ ನಂತರ, ಅಡಮಾನ ಇಲ್ಲದ ಬಾಕಿಗಳ ಸಾಲಿನಲ್ಲಿ ಮಕ್ಕಳ ಪೋಷಣೆಗೆ ಮೊದಲ ಜಾಗ. ಅಲ್ಲಿನ ದಿವಾಳಿ ಕಾನೂನಿನ 13ನೇ ಅಧ್ಯಾಯದ ಕೆಳಗೆ ಮೂರರಿಂದ ಐದು ವರ್ಷದ ಕಂತಿನ ಯೋಜನೆ ಮಾಡಿದರೆ, ಹಳೇ ಬಾಕಿಯನ್ನು ಸಾಮಾನ್ಯವಾಗಿ ಪೂರ್ತಿ ತೀರಿಸಬೇಕು. ಅರ್ಜಿ ಹಾಕಿದ ಮೇಲಿನ ತಿಂಗಳುಗಳದ್ದು ಸರಿಯಾಗಿ ಕಟ್ಟಿಲ್ಲದಿದ್ದರೆ ಕೋರ್ಟ್ ಯೋಜನೆಗೆ ಮುದ್ರೆ ಒತ್ತುವುದಿಲ್ಲ. ಕೊನೆಗೆ ಋಣಮುಕ್ತಿ ಕೇಳುವಾಗ, ಕೊಡಬೇಕಾದ ಪೋಷಣೆ ಕೊಟ್ಟಿದ್ದೇನೆ ಅಂತ ಪ್ರಮಾಣ ಮಾಡಬೇಕು. ಅಲ್ಲೂ ಇದು ಮನ್ನಾ ಆಗದ ಸಾಲವೇ. ಆದರೆ ಅಪ್ಪನಿಗೆ ಉಳಿದ ಸಾಲದಿಂದ ಬಿಡುಗಡೆ ಬೇಕೆಂದರೆ ಅದರ ದಾರಿ ಮಗುವಿನ ಬಾಗಿಲಿನ ಮುಂದೆಯೇ ಹಾದುಹೋಗುತ್ತದೆ. ನಮ್ಮ ಸಂಹಿತೆಯಲ್ಲಿ ಇಲ್ಲದಿರುವುದು ಇದೇ ಒತ್ತಡ. ಇಲ್ಲಿ ಬ್ಯಾಂಕಿನ ಯೋಜನೆ ಚೆನ್ನಾಗಿ ನಡೆಸಿ, ಮಗಳಿಗೆ ಒಂದು ಪೈಸೆ ಕೊಡದೆಯೂ ಅಪ್ಪ ಬ್ಯಾಂಕಿನ ಸಾಲದಿಂದ ಹೊರಗೆ ಬರಬಹುದು.

ಈ ಕೊರತೆಯನ್ನು ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ನೇರವಾಗಿ ತುಂಬಿತು. 2024ರ ಡಿಸೆಂಬರ್, ಗುಜರಾತಿನಿಂದ ಬಂದ ಕೇಸು. ಹೆಂಡತಿಗೆ ತಿಂಗಳಿಗೆ 1 ಲಕ್ಷ, ಮಕ್ಕಳಿಗೆ ತಲಾ 50 ಸಾವಿರ ಅಂತ ಅಲ್ಲಿನ ಹೈಕೋರ್ಟ್ ಹೇಳಿತ್ತು. ನ್ಯಾಯಮೂರ್ತಿ ಸೂರ್ಯ ಕಾಂತ್ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಮೊತ್ತವನ್ನು ಅರ್ಧಕ್ಕೆ ಇಳಿಸಿತು. ಆದರೆ ಬಾಕಿಯ ಬಗ್ಗೆ ಹೇಳಿದ್ದು ದೊಡ್ಡ ಮಾತು. ಜೀವನಾಂಶದ ಹಕ್ಕು ಸಂವಿಧಾನದ 21ನೇ ವಿಧಿಯ ಘನತೆಯ ಬದುಕಿನ ಭಾಗ. ಅದು ಮೂಲಭೂತ ಹಕ್ಕಿಗೆ ಸಮ. ಹಾಗಾಗಿ ಬ್ಯಾಂಕುಗಳು ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬಳಸುವ ಸರ್ಫೇಸಿ ಕಾಯ್ದೆ, ದಿವಾಳಿ ಸಂಹಿತೆಗಳು ಸಾಲ ಕೊಟ್ಟವರಿಗೆ ಕೊಟ್ಟಿರುವ ಹಕ್ಕಿಗಿಂತ ಅದು ಮೇಲೆ. ಗಂಡನ ಆಸ್ತಿಯ ಮೇಲೆ, ಅಡಮಾನ ಇಟ್ಟುಕೊಂಡವರಿಗಿಂತಲೂ ಮೊದಲು ಈ ಬಾಕಿಗೆ ಹಕ್ಕು. ಕೊಡದಿದ್ದರೆ ಫ್ಯಾಮಿಲಿ ಕೋರ್ಟ್ ಅವನ ಸ್ಥಿರಾಸ್ತಿ ಹರಾಜು ಹಾಕಬಹುದು.

ಓದಿದಾಗ ಖುಷಿಯಾಗುತ್ತದೆ. ಆದರೂ ಒಂದು ಅನುಮಾನ ನನಗೆ ಉಳಿದಿದೆ. 178ನೇ ಕಲಮಿನ ಏಣಿ ಹಾಗೇ ಇದೆ. ಅಡಮಾನದ ಪತ್ರ ಕೈಯಲ್ಲಿ ಹಿಡಿದ ಬ್ಯಾಂಕ್, ಹರಾಜಿನ ದುಡ್ಡು ಬಂದ ದಿನ ತಾನಾಗಿಯೇ ಪಕ್ಕಕ್ಕೆ ಸರಿದು ಜಾಗ ಬಿಡುತ್ತದಾ? ಬಿಡುವುದಿಲ್ಲ. ಅಲ್ಲಿ ತಾಯಿ ಹೋಗಿ ನಿಂತು, ಈ ತೀರ್ಪು ತೋರಿಸಿ ಕೇಳಬೇಕು. ಕೇಳಲು ಅವಳಿಗೆ ಹರಾಜಿನ ಸುದ್ದಿ ಗೊತ್ತಿರಬೇಕು. ಇನ್ನು, ನಮ್ಮಲ್ಲಿ ಹೆಚ್ಚಿನವರು ಕೋರ್ಟಿನ ದಿವಾಳಿಯ ತನಕ ಹೋಗುವುದೇ ಇಲ್ಲ. ಬ್ಯಾಂಕಿನಲ್ಲಿ ಕೂತು ಒಂದೇ ಕಂತಿನ ಸೆಟ್ಲ್‌ಮೆಂಟ್ ಮಾಡಿಕೊಂಡು, ಸೈಟು ಮಾರಿ ಕೈ ತೊಳೆದುಕೊಳ್ಳುತ್ತಾರೆ. ಅದಕ್ಕೆ ನೋಟಿಸೂ ಇಲ್ಲ, ಸಭೆಯೂ ಇಲ್ಲ.

ಅದಕ್ಕೇ, ದಿವಾಳಿಯ ಮಾತು ಬರುವ ಮೊದಲೇ ಮಾಡಿಕೊಳ್ಳಬೇಕಾದ ಕೆಲಸಗಳು ಹೆಚ್ಚು ಬೆಲೆಯುಳ್ಳವು. ವಿಚ್ಛೇದನದ ಕೇಸಿನಲ್ಲಿ ಶಾಶ್ವತ ಜೀವನಾಂಶಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಹೊಣೆ ಹೊರಿಸಬಹುದು ಅಂತ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮು ಹೇಳುತ್ತದೆ. ಬ್ಯಾಂಕ್ ಸಾಲ ಪಹಣಿಯಲ್ಲಿ ಕಾಣುವ ಹಾಗೆ ಈ ಹೊಣೆಯೂ ದಾಖಲೆಯಲ್ಲಿ ಕಂಡರೆ, ಜಮೀನು ಕೊಳ್ಳುವವನು ಎರಡು ಸಲ ಯೋಚಿಸುತ್ತಾನೆ. ಇದನ್ನು ಕೇಳಿಕೊಳ್ಳುವವರು ಕಡಿಮೆ, ತಿಂಗಳಿಗೆ ಎಷ್ಟು ಅನ್ನುವುದರಲ್ಲೇ ಎಲ್ಲರ ಗಮನ. ಸಂಬಳದವನಾದರೆ ಇನ್ನೊಂದು ಅನುಕೂಲ ಇದೆ. ಸಾಮಾನ್ಯ ಸಾಲದ ಡಿಕ್ರಿಗೆ ಸಂಬಳ ಜಪ್ತಿ ಮಾಡುವಾಗ ಮೊದಲ 1000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲನ್ನು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗಾದರೆ ಮುಟ್ಟಬಾರದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಇದು ಇದೆ. ಬ್ಯಾಂಕಿಗೆ ಸಿಗದ ಬಲ ಇಲ್ಲಿ ಮಗುವಿಗೆ ಸಿಕ್ಕಿದೆ.

ಜೈಲಿನ ದಾರಿಯೂ ಇದೆ. ವಾರಂಟ್ ಕೊಟ್ಟರೂ ದುಡ್ಡು ಬರದಿದ್ದರೆ ಮ್ಯಾಜಿಸ್ಟ್ರೇಟರು ಒಂದು ತಿಂಗಳವರೆಗೆ ಒಳಗೆ ಕಳಿಸಬಹುದು. ಒಳಗೆ ಹೋಗಿ ಬಂದ ಮೇಲೆ ಲೆಕ್ಕ ಚುಕ್ತಾ ಅಂತ ಎಷ್ಟೋ ಗಂಡಸರು ನಂಬಿದ್ದಾರೆ. ಜೈಲು ವಸೂಲಿಯ ಒಂದು ದಾರಿ ಅಷ್ಟೇ, ಅದರಿಂದ ಬಾಕಿ ತೀರುವುದಿಲ್ಲ ಅಂತ 1988ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿಜವಾಗಿ ಮುಳುಗಿದವನನ್ನು ಒಳಗೆ ಹಾಕಿದರೆ ಆ ತಿಂಗಳ ದುಡಿಮೆಯೂ ಹೋಯಿತು. ಬಚ್ಚಿಟ್ಟವನಿಗೆ ಇದು ಮದ್ದು, ಮುಳುಗಿದವನಿಗಲ್ಲ. ಯಾರು ಯಾವ ಬಗೆ ಅಂತ ತಿಳಿಯಲು 2020ರ ರಜನೇಶ್ ವಿರುದ್ಧ ನೇಹಾ ತೀರ್ಪು ನೆರವಾಗುತ್ತದೆ. ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು ಅಂತ ಅದು ಕಡ್ಡಾಯ ಮಾಡಿದೆ. ಫ್ಯಾಮಿಲಿ ಕೋರ್ಟಿನಲ್ಲಿ ಕೊಟ್ಟ ಪಟ್ಟಿ, ದಿವಾಳಿ ಅರ್ಜಿಯ ಜೊತೆ ಕೊಟ್ಟ ಪಟ್ಟಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ. ಒಂದರಲ್ಲಿ ಇದ್ದ ಸೈಟು ಇನ್ನೊಂದರಲ್ಲಿ ಕಾಣೆಯಾಗಿದ್ದರೆ, ಕೇಸಿನ ದಿಕ್ಕೇ ಬದಲಾಗುತ್ತದೆ.

ಕಾಲದ ಲೆಕ್ಕ ಮಾತ್ರ ಮರೆಯಬಾರದು. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಬಾಕಿಗೆ ವಾರಂಟ್ ಬೇಕೆಂದರೆ, ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಮ್ಮ ತಾಯಿ 20 ತಿಂಗಳು ಸುಮ್ಮನಿದ್ದು ಈಗ ಹೋದರೆ, ಮೊದಲ 8 ತಿಂಗಳ 1 ಲಕ್ಷ 20 ಸಾವಿರಕ್ಕೆ ಈ ದಾರಿ ಮುಚ್ಚಿರುತ್ತದೆ. ಆ ಹಕ್ಕು ಸತ್ತಿಲ್ಲ, ಬೇರೆ ದಾರಿಯಲ್ಲಿ ವಸೂಲಿ ಮಾಡಬಹುದು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಸಲ ಸಮಯಕ್ಕೆ ಸರಿಯಾಗಿ ಹಾಕಿದ ಅರ್ಜಿ ಬಾಕಿ ಇರುವಾಗ, ಮುಂದಿನ ತಿಂಗಳುಗಳಿಗೆ ಮತ್ತೆ ಮತ್ತೆ ಅರ್ಜಿ ಬೇಡ ಅಂತ 2005ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ಹೇಳಿದೆ. ಹಾಗಾಗಿ ಎರಡು ಮೂರು ತಿಂಗಳು ತಪ್ಪಿದಾಗಲೇ ಒಂದು ಅರ್ಜಿ ಹಾಕಿ ಇಟ್ಟುಬಿಡುವುದು ಒಳ್ಳೆಯದು.

ದಿವಾಳಿಯ ಕಡೆಗೂ ಒಂದು ಗಡಿಯಾರ ಇದೆ. ಅರ್ಜಿ ಒಪ್ಪಿಕೊಂಡ ಮೇಲೆ, ಸಾಲ ಕೊಟ್ಟವರು 21 ದಿನದೊಳಗೆ ಬನ್ನಿ ಅಂತ ಪ್ರಕಟಣೆ ಕೊಡಬೇಕು. ಒಂದು ಇಂಗ್ಲಿಷ್ ಪತ್ರಿಕೆ, ಒಂದು ಸ್ಥಳೀಯ ಭಾಷೆಯ ಪತ್ರಿಕೆ. ಜೀವನಾಂಶ ಹೊರಗಿಟ್ಟ ಸಾಲ, ಆದ್ದರಿಂದ ತಾಯಿ ಸಾಲ ಕೊಟ್ಟವಳಾಗಿ ಹಕ್ಕು ಹೂಡಬೇಕಾಗಿಲ್ಲ ಅನ್ನಬಹುದು. ಆದರೂ ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದ ಪರಿಹಾರ ವೃತ್ತಿಪರನಿಗೆ ಒಂದು ಪತ್ರ ಬರೆದು, ಕೋರ್ಟಿನ ಆದೇಶದ ಪ್ರತಿ, ಬಾಕಿಯ ಲೆಕ್ಕ, 2024ರ ತೀರ್ಪು ಮೂರನ್ನೂ ಸೇರಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುವುದು ಜಾಣತನ. ನಾಳೆ ಹಂಚಿಕೆಯ ಹೊತ್ತಿಗೆ 'ನಮಗೆ ಗೊತ್ತೇ ಇರಲಿಲ್ಲ' ಅನ್ನಲು ಯಾರಿಗೂ ಆಗಬಾರದು. ಆ ಪ್ರಕಟಣೆ ಎಲ್ಲಿರುತ್ತದೆ ಅಂತ ಗೊತ್ತಲ್ಲ? ಪೇಪರಿನ ಒಳಪುಟದಲ್ಲಿ, ಟೆಂಡರು ಮತ್ತು ಹೆಸರು ಬದಲಾವಣೆಯ ಜಾಹೀರಾತುಗಳ ನಡುವೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ.